ಅಕ್ಕನ ಪಾಲಿನ ರೊಟ್ಟಿ

ತರೀಕೆರೆಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಜವರಮ್ಮನಿಗೆ ಕನಸು ಬೀಳಲು ನಿದ್ದೆಯೇ ಬೇಕೆಂದಿರಲಿಲ್ಲ. ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತರೆ ಸಾಕಿತ್ತು. ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಕಣ್ಣು ತೆರೆದಿದ್ದಂತೆಯೇ ನೋಟ ಎಲ್ಲೋ ಹೋಗಿಬಿಡುತ್ತಿತ್ತು. 'ಇವಳು ಬೀಸೋಕೆ ಕೂತಾಗ ಕಳ್ಳ ಬಂದರೆ ಕಲ್ಲೊಂದನ್ನು ಬಿಟ್ಟು ಮನೆಯನ್ನೆಲ್ಲಾ ಹೊತ್ತುಕೊಂಡು ಹೋಗಬಹುದು' ಎಂದು ಅದೇ ಆಸ್ಪತ್ರೆಯ ನರ್ಸ್ ಕಾಂತಮ್ಮ ನಗುತ್ತಿದ್ದಳು. ಹೊತ್ತುಕೊಂಡು ಹೋಗುವಂಥದ್ದು ಆ ಮನೆಯಲ್ಲಿ ಏನಿತ್ತು ಎಂಬುದು ಬೇರೆ ಮಾತು.

ಬೀಸುತ್ತಿದ್ದದ್ದು ರಾಗಿಯಲ್ಲ, ಗೋಧಿ. ತರೀಕೆರೆಯ ಆ ಸಣ್ಣ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ನಡೆಯುತ್ತಿತ್ತು. ಯೇಸುಸ್ವಾಮಿ ಸಾಯುವುದಕ್ಕೆ ಮೊದಲು ಶಿಷ್ಯರ ಜೊತೆ ಕೂತು ರೊಟ್ಟಿ ಮುರಿದು ಕೊಟ್ಟ, ಒಂದೇ ಬಟ್ಟಲಿನಲ್ಲಿ ಕುಡಿಸಿದ, ನನ್ನ ನೆನಪಿಗೆ ಹೀಗೇ ಮಾಡಿ ಎಂದ, ಆ ಊಟ. ಬೇರೆ ಊರಿನ ಚರ್ಚುಗಳಲ್ಲಿ ಏನು ಮಾಡುತ್ತಿದ್ದರೋ, ಇಲ್ಲಿ ಹಳೆಯ ಕಾಲದವರು ಒಂದು ಪದ್ಧತಿ ಇಟ್ಟಿದ್ದರು. ಶನಿವಾರ ಪ್ರತಿ ಮನೆಯಿಂದ ಒಂದು ಹಿಡಿ ಗೋಧಿ ಬರಬೇಕು. ರೇಷನ್ ಅಂಗಡಿಯ ಮುಗ್ಗಲು ಗೋಧಿಯಾದರೂ ಸರಿ, ಕಾಫಿ ತೋಟದ ರೈಟರ ಮನೆಯ ದಪ್ಪ ಗೋಧಿಯಾದರೂ ಸರಿ, ಎಲ್ಲಾ ಒಂದೇ ಮೊರಕ್ಕೆ ಬಿದ್ದು, ಒಂದೇ ಕಲ್ಲಿನಲ್ಲಿ ಹಿಟ್ಟಾಗಿ, ಒಂದೇ ರೊಟ್ಟಿಯಾಗಬೇಕು. ಆ ರೊಟ್ಟಿ ಸುಡುವ ಕೆಲಸ ಜವರಮ್ಮನದು. ಒಲೆಯ ಮೇಲೆ ಒಣದ್ರಾಕ್ಷಿ ಕುದಿಯುತ್ತಿರುತ್ತಿತ್ತು. ಆ ರಸವೇ ಬಟ್ಟಲಿಗೆ. ದ್ರಾಕ್ಷಿಯ ಸಿಹಿ ವಾಸನೆ, ಸಂಜೆಬಿಸಿಲಿನಲ್ಲಿ ತೇಲುವ ಹಿಟ್ಟಿನ ಧೂಳು, ಕಲ್ಲಿನ ಗರಗರ, ಇಷ್ಟಾದರೆ ಅವಳ ಕನಸು ತಾನಾಗಿ ಬಂದು ಎದುರಿಗೆ ಕೂರುತ್ತಿತ್ತು.

ಕನಸಿನಲ್ಲಿ ಒಂದು ಪಂಕ್ತಿ. ಚರ್ಚಿನ ಬಾಗಿಲಿನಿಂದ ಶುರುವಾಗಿ, ಕೆರೆ ಏರಿಯ ಮೇಲೆ ಹಾದು, ಅಜ್ಜಂಪುರದ ಕಪ್ಪು ಹೊಲಗಳ ನಡುವೆ ಎಲೆಯ ಪಕ್ಕ ಎಲೆ. ಕೂತವರೆಲ್ಲಾ ಗುರುತಿನವರೇ. ಆಸ್ಪತ್ರೆಯಲ್ಲಿ ಹುಟ್ಟಿದ ದಿನವೇ ಹೋದ ಕೂಸುಗಳೂ ಅಲ್ಲಿ ದೊಡ್ಡವರಾಗಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದವು. ಅವ್ವ ಇರುತ್ತಿದ್ದಳು, ಅಪ್ಪ ಇರುತ್ತಿದ್ದ. ಯಾರೋ ಬಡಿಸುತ್ತಾ ಬರುತ್ತಿದ್ದರು. ಅವರ ಕೈ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಜವರಮ್ಮನ ಎಡಗಡೆ ಒಂದು ಎಲೆ ಖಾಲಿ ಇರುತ್ತಿತ್ತು. ಬಡಿಸುವ ಕೈ ಆ ಎಲೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಬಡಿಸುತ್ತಲೂ ಇರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ.

ಆ ಎಲೆ ಅವಳ ಅಕ್ಕ ಹುಲಿಯಮ್ಮನದು.

ಅಜ್ಜಂಪುರದ ಆಚೆಯ ಹಳ್ಳಿಯೊಂದರ ಕೇರಿಯಲ್ಲಿ ಹುಟ್ಟಿದವರು ಅಕ್ಕ ತಂಗಿ. ಒಂದೇ ಮಳೆಗಾಲದ ಜ್ವರದಲ್ಲಿ ಅಪ್ಪ ಅವ್ವ ಇಬ್ಬರೂ ಹೋದಾಗ ಜವರಮ್ಮ ಇನ್ನೂ ಸೊಂಟದ ಮೇಲಿನ ಕೂಸು. ಹುಲಿಯಮ್ಮನೂ ಹುಡುಗಿಯೇ. ಕಂಡವರ ಹೊಲದಲ್ಲಿ ಕಳೆ ಕಿತ್ತು, ಈರುಳ್ಳಿ ಆಯ್ದು ತಂಗಿಯನ್ನು ಸಾಕಿದಳು. ತಂಗಿಗೆ ಉಣ್ಣಿಸಿ ತಾನು ಉಂಡೆ ಎಂದು ಸುಳ್ಳು ಹೇಳುವುದರಲ್ಲಿ ಅವಳಷ್ಟು ಪಳಗಿದವರು ಆ ಸೀಮೆಯಲ್ಲೇ ಇರಲಿಲ್ಲ. ತಂಗಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ಮೇಲೇ ಅವಳು ತನ್ನ ಮದುವೆಯ ಯೋಚನೆ ಮಾಡಿ ಅದೇ ಕೇರಿಯ ಲಕ್ಕಣ್ಣನನ್ನು ಕಟ್ಟಿಕೊಂಡಳು. ಅಂಥ ಅಕ್ಕ ಈಗ ತಂಗಿಯ ಮನೆಯಲ್ಲಿ ಒಂದು ತುತ್ತು ಮುಟ್ಟುತ್ತಿರಲಿಲ್ಲ.

ಅದು ಆದದ್ದು ಹೀಗೆ. ತರೀಕೆರೆಗೆ ಬಂದ ಹೊಸದರಲ್ಲಿ ಕಾಂತಮ್ಮ ಒಂದು ಭಾನುವಾರ ಜವರಮ್ಮನನ್ನು ಚರ್ಚಿಗೆ ಕರೆದುಕೊಂಡು ಹೋಗಿದ್ದಳು. ಜವರಮ್ಮ ಕಿಟಕಿಯ ಹೊರಗೇ ನಿಂತಳು. ಒಳಗೆ ಜನ ಸಾಲಾಗಿ ಮೊಣಕಾಲೂರಿದ್ದರು. ಪಾದ್ರಿ ಅಯ್ಯನವರು ಬೆಳ್ಳಿಯ ಬಣ್ಣದ ಒಂದು ಬಟ್ಟಲನ್ನು ತೋಟದ ರೈಟರ ತುಟಿಗೆ ಹಿಡಿದರು. ಒರೆಸಿದರು. ಅದೇ ಬಟ್ಟಲನ್ನು ಪಕ್ಕದಲ್ಲಿದ್ದ ಪುರಸಭೆಯ ಜಾಡಮಾಲಿಯ ತುಟಿಗೆ ಹಿಡಿದರು. ಜವರಮ್ಮನ ಊರಿನ ಹೋಟೆಲಿನಲ್ಲಿ ಅವಳ ಜನಕ್ಕೆಂದೇ ಹಿಂದಿನ ಗೋಡೆಯ ಗೂಡಿನಲ್ಲಿ ಬೇರೆ ಲೋಟ ಇಟ್ಟಿರುತ್ತಿದ್ದರು. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಬರಬೇಕು. ಕಿಟಕಿಯ ಸರಳು ಹಿಡಿದು ನಿಂತ ಅವಳಿಗೆ ಅಳು ಬಂತು. ಉಪದೇಶ ಗಿಪದೇಶ ಅವಳಿಗೆ ಆಮೇಲೆ ಅರ್ಥವಾಯಿತು. ಮೊದಲು ಅರ್ಥವಾದದ್ದು ಆ ಬಟ್ಟಲು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಅವಳು ದೀಕ್ಷಾಸ್ನಾನ ತೆಗೆದುಕೊಂಡಳು. ಹೊಸ ಹೆಸರು ಇಡುತ್ತೇವೆ ಎಂದರೆ, ಅಕ್ಕ ಕರೆಯುವ ಹೆಸರು ಅದು, ಅದೇ ಇರಲಿ ಎಂದಳು.

ಆ ವರ್ಷ ಪಿತೃಪಕ್ಷಕ್ಕೆ ಅಕ್ಕನ ಮನೆಗೆ ಹೋದಳು. ಹುಲಿಯಮ್ಮ ಗೋಡೆಯ ಗೂಡಿನ ಕೆಳಗೆ ಸಾರಿಸಿ, ಅಪ್ಪ ಅವ್ವನಿಗೆ ಎಡೆ ಇಟ್ಟಿದ್ದಳು: ಕಡುಬು, ಬಾಡಿನ ಸಾರು, ಅಪ್ಪನಿಗೆ ಬೀಡಿ, ಅವ್ವನಿಗೆ ಎಲೆ ಅಡಿಕೆ. ಧೂಪ ಹಾಕಿ, ಬಾಗಿಲು ಮುಚ್ಚಿ, ಸತ್ತವರು ಉಣ್ಣುವಷ್ಟು ಹೊತ್ತು ಹೊರಗೆ ಕಾದು, ಆಮೇಲೆ ಆ ಎಡೆಯನ್ನು ಮನೆಯವರೆಲ್ಲಾ ಹಂಚಿಕೊಂಡು ಉಣ್ಣುವುದು ಪದ್ಧತಿ. ಎಡೆಗೆ ಇಟ್ಟದ್ದನ್ನು ಮುಟ್ಟಬಾರದು ಎಂದು ಚರ್ಚಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ಹೊಸ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದಂತೆ, ಜವರಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಬೇರೆ ಪಾತ್ರೆಯಲ್ಲಿ ಇದ್ದರೆ ಕೊಡು ಎಂದಳು.

ಹುಲಿಯಮ್ಮ ಕೂಗಾಡಲಿಲ್ಲ. ತಂಗಿಯ ಮುಂದಿನ ತಟ್ಟೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು.

"ಅವ್ವನ ಎಡೆ ನಿಂಗೆ ಬ್ಯಾಡ್ವಾ ಜವರಿ?"

"ದೇವ್ರು ಒಪ್ಪಲ್ಲ ಅಂತಾರೆ ಕಣಕ್ಕ."

"ಆಯ್ತು ಬಿಡು. ನೀನು ಅವ್ವನ ಅನ್ನ ಬಿಟ್ಟೆ, ನಾನು ನಿನ್ನ ಅನ್ನ ಬಿಟ್ಟೆ."

ಆಡಿದ ಮಾತನ್ನು ಅವಳು ಬಿಡುವವಳಲ್ಲ. ಮಾತುಕತೆ ನಿಲ್ಲಿಸಲಿಲ್ಲ, ಅದೊಂದು ಪುಣ್ಯ. ಈರುಳ್ಳಿ ಮಾರಲು ಅಜ್ಜಂಪುರದ ಬಸ್ಸಿನಲ್ಲಿ ತರೀಕೆರೆಗೆ ಬಂದರೆ ತಂಗಿಯ ಮನೆಯಲ್ಲೇ ತಂಗುತ್ತಿದ್ದಳು, ತಂಗಿಯ ತಲೆ ಬಾಚುತ್ತಿದ್ದಳು, ಅವಳ ಸೀರೆಯ ಹರಕಿಗೆ ಹೊಲಿಗೆ ಹಾಕುತ್ತಿದ್ದಳು. ಉಣ್ಣುವ ಹೊತ್ತಿಗೆ ಮಾತ್ರ ಬುತ್ತಿಗಂಟು ಬಿಚ್ಚಿ ಜಗುಲಿಯ ಮೇಲೆ ಒಬ್ಬಳೇ ಕೂರುತ್ತಿದ್ದಳು; ಬೀದಿ ನಲ್ಲಿಯ ನೀರು ಕುಡಿಯುತ್ತಿದ್ದಳು. ಒಳಗೆ ಜವರಮ್ಮ ಮುದ್ದೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ನಡುವೆ ಒಂದು ಹೊಸ್ತಿಲು. ಹೀಗೇ ವರ್ಷಗಳು ಹೋದವು.

ಎಂಬತ್ತೆರಡರ ಬೇಸಿಗೆಯಲ್ಲಿ ಪ್ರೇಮಾನಂದ ಅಯ್ಯನವರು ಚರ್ಚಿನ ಸಭೆಗೆ ಹೊಸ ಪಾದ್ರಿಯಾಗಿ ಬಂದರು. ಮನೆ ಕಡೂರಿನಲ್ಲಿ, ತಿಂಗಳ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮೆದು ಮಾತಿನ, ಯಾರನ್ನೂ ನೋಯಿಸಲಾರದ ಮನುಷ್ಯ. ಒಂದು ಸಲ ರೊಟ್ಟಿ ಮುರಿಯುವ ಮೊದಲು ಅವರು ಹೇಳಿದರು: ಈ ಊಟಕ್ಕೆ ಒಬ್ಬೊಬ್ಬರೇ ಬರುವುದಲ್ಲ, ಕೂಡಿ ಬರುವುದು. ಹಿಡಿ ಹಿಡಿ ಗೋಧಿ ಬೆರೆತು ಒಂದು ರೊಟ್ಟಿಯಾದ ಮೇಲೆ ಇದು ಯಾರ ಮನೆಯದು ಎಂದು ಬಿಡಿಸಲು ಬರುತ್ತದೆಯೇ? ನಾವೂ ಹಾಗೇ. ನಮಗಿಂತ ಮುಂಚೆ ಹೋದವರೂ ಇದೇ ಮೇಜಿನಲ್ಲಿ ಇದ್ದಾರೆ. ಮೇಜಿನ ಆ ತುದಿ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಪಕ್ಕದವನ ಹಸಿವು ಮರೆತು ತಿಂದರೆ ಅದು ಕರ್ತನ ಊಟವಲ್ಲ, ನಮ್ಮ ಹೊಟ್ಟೆಯ ಊಟ.

ಜವರಮ್ಮನಿಗೆ ಮೈ ಜುಮ್ಮೆಂದಿತು. ಅಂದರೆ ತನ್ನ ಕನಸು ಸುಳ್ಳಲ್ಲ. ಸತ್ತ ಅವ್ವನಿಗೂ ಈ ಮೇಜಿನಲ್ಲಿ ಜಾಗ ಇರಬಹುದು. ಬದುಕಿರುವ ಅಕ್ಕನಿಗೆ ಇಲ್ಲ. ಮೊಣಕಾಲೂರಿದಳು. ಅಯ್ಯನವರು ಅಂಗೈಯಲ್ಲಿ ರೊಟ್ಟಿಯ ಚೂರು ಇಟ್ಟರು. ಎಡಗಡೆಯಲ್ಲಿ ಯಾರೋ ಇದ್ದರು, ಆದರೂ ಅವಳಿಗೆ ಅಲ್ಲಿ ಖಾಲಿ ಕಂಡಿತು. ಗುಡಿಗೆ ಹೋದವರು ಮನೆಯಲ್ಲಿ ಉಳಿದವರಿಗೆ ಪ್ರಸಾದ ತರದೆ ಬರುವುದುಂಟೇ? ಯೋಚನೆ ಮಾಡಿ ಮಾಡಿದ್ದಲ್ಲ ಅದು. ಕೈ ತಾನಾಗಿ ಮಾಡಿತು. ಚೂರನ್ನು ಎರಡು ಮಾಡಿ, ಒಂದನ್ನು ಬಾಯಿಗಿಟ್ಟುಕೊಂಡು, ಇನ್ನೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅಂದೇ ಮಧ್ಯಾಹ್ನದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬಿಸಿಲು ಹೊಲಗಳ ಮೇಲೆ ನೀರಿನಂತೆ ಅಲುಗುತ್ತಿತ್ತು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತವಳಿಗೆ ತಾನು ಬಸ್ಸಿನಲ್ಲಿ ಹೋಗುತ್ತಿಲ್ಲ, ಕನಸಿನ ಪಂಕ್ತಿಯ ಉದ್ದಕ್ಕೂ ಬಡಿಸಿಕೊಂಡು ಹೋಗುತ್ತಿದ್ದೇನೆ ಅನ್ನಿಸಿತು. ಹುಲಿಯಮ್ಮ ಅಂಗಳದಲ್ಲಿ ಈರುಳ್ಳಿ ಹರಡುತ್ತಿದ್ದಳು.

"ಏನೇ ಅದು?"

"ನಮ್ಮ ಕರ್ತನ ಊಟ ಕಣಕ್ಕ. ನಿನ್ನ ಪಾಲು."

ಹುಲಿಯಮ್ಮ ಆ ಚೂರನ್ನು ಬಹಳ ಹೊತ್ತು ನೋಡಿದಳು. "ನಾನು ಉಣ್ಣಲ್ಲ ಅಂದಿವ್ನಿ," ಎಂದಳು. ಆದರೂ ಕೈ ಒಡ್ಡಿ ಇಸಿದುಕೊಂಡು, ಒಳಗೆ ಹೋದಳು. ಅದನ್ನು ಏನು ಮಾಡಿದಳೆಂದು ಜವರಮ್ಮ ಕೇಳಲಿಲ್ಲ.

ಸೆರಗಿಗೆ ಕಟ್ಟಿದ್ದನ್ನು ನೋಡಿದವರು ಒಬ್ಬರಿದ್ದರು. ದಾನಿಯೇಲಪ್ಪ ಮೇಷ್ಟ್ರು, ಸಭೆಯ ಕಮಿಟಿಗೆ ಮುಖ್ಯಸ್ಥರು. ಅವರ ತಾತ ಜಮೀನಿದ್ದ ದೊಡ್ಡ ಮನೆತನದಿಂದ ಕ್ರೈಸ್ತರಾದವರು. ಆ ದೊಡ್ಡ ಮನೆತನ ಮೇಷ್ಟ್ರ ಬೆನ್ನುಮೂಳೆಯಲ್ಲಿ ಇನ್ನೂ ನೆಟ್ಟಗೆ ನಿಂತಿತ್ತು. ಕೆಟ್ಟವರಲ್ಲ. ಯಾರಿಗೆ ಕಾಯಿಲೆಯಾದರೂ ಮೊದಲು ಬಂದು ಪ್ರಾರ್ಥನೆ ಮಾಡುವವರು ಅವರೇ. ಜವರಮ್ಮ ಸುಟ್ಟ ರೊಟ್ಟಿಯನ್ನು ಚರ್ಚಿನಲ್ಲಿ ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಅವಳ ಮನೆಯಲ್ಲಿ ಮಾತ್ರ, 'ಈಗಷ್ಟೇ ಕಾಫಿ ಕುಡಿದು ಬಂದೆನಮ್ಮ' ಎಂದು ನಿಂತೇ ಪ್ರಾರ್ಥನೆ ಮುಗಿಸಿ ಹೊರಡುತ್ತಿದ್ದರು. ಚರ್ಚಿನ ಬಾಗಿಲು ದಾಟಿ ಮೇಜಿನ ಮೇಲೆ ಬಂದ ಮೇಲೆ ಅದು ಜವರಮ್ಮನ ರೊಟ್ಟಿಯಲ್ಲ, ಕರ್ತನ ರೊಟ್ಟಿ ಎಂಬುದು ಅವರ ಲೆಕ್ಕವಿರಬೇಕು.

ಮುಂದಿನ ತಿಂಗಳು ಚರ್ಚಿನ ಹೊಂಗೆ ಮರದ ಕೆಳಗೆ ಕಮಿಟಿ ಸೇರಿತು. ಸೆರಗಿಗೆ ಕಟ್ಟಿದ ಚೂರು ಎಲ್ಲಿ ಹೋಯಿತೆಂದು ಕೇಳಿದಾಗ ಜವರಮ್ಮ ಅಕ್ಕನಿಗೆ ಕೊಟ್ಟೆ ಎಂದಳು. ಪವಿತ್ರವಾದದ್ದನ್ನು ನಂಬದವರ ಕೈಗೆ ಕೊಟ್ಟದ್ದು ದೊಡ್ಡ ಅಪರಾಧ ಎಂದರು ಮೇಷ್ಟ್ರು. ತಪ್ಪಾಯಿತು ಎಂದು ಸಭೆಯ ಮುಂದೆ ಹೇಳುವ ತನಕ ಜವರಮ್ಮನಿಗೆ ರೊಟ್ಟಿಯೂ ಇಲ್ಲ, ಬಟ್ಟಲೂ ಇಲ್ಲ ಎಂದು ತೀರ್ಮಾನವಾಯಿತು. ಅಯ್ಯನವರು ನೆಲ ನೋಡುತ್ತಾ, "ಒಂದು ಮಾತು ಹೇಳಿಬಿಡಿ ಜವರಮ್ಮ, ಮುಗಿದುಹೋಗುತ್ತೆ," ಎಂದರು.

ಒಂದೇ ಮಾತು. ಆದರೆ ತಪ್ಪು ಎಂದರೆ ಅಕ್ಕನಿಗೆ ಪಾಲು ಕೊಟ್ಟದ್ದು ತಪ್ಪು ಎಂದಂತೆ. ಅಕ್ಕ ಇಲ್ಲದ ಪಂಕ್ತಿಯೇ ಸರಿ ಎಂದಂತೆ. ಅವಳು ಆ ಮಾತು ಹೇಳದೆ ಎದ್ದು ಬಂದಳು. ಅವ್ವನ ಎಡೆ ಬಿಟ್ಟು ಬಂದದ್ದು ಈ ಮೇಜಿಗಾಗಿ. ಈಗ ಅದೂ ಹೋಯಿತು, ಇದೂ ಹೋಯಿತು. ಗೋಧಿ ಕೇಳಿಕೊಂಡು ಯಾರೂ ಅವಳ ಮನೆಗೆ ಬರಲಿಲ್ಲ. ಮೇಷ್ಟ್ರು ಬೇಕರಿಯಿಂದ ಬನ್ನು ತರಿಸಿದರು. ಸಿಹಿ ಬನ್ನು, ಮುರಿದರೆ ನೆಲದ ಮೇಲೆಲ್ಲಾ ಪುಡಿ. ಜವರಮ್ಮ ಹಿಂದಿನ ಚಾಪೆಯ ಮೇಲೆ ಕೂತು ಎಲ್ಲರೂ ಏಳುವುದನ್ನು, ಎಲ್ಲರೂ ಮೊಣಕಾಲೂರುವುದನ್ನು ನೋಡಿದಳು. ಶನಿವಾರದ ಸಂಜೆಗಳಲ್ಲಿ ಬೀಸುಕಲ್ಲು ಸುಮ್ಮನಿರುತ್ತಿತ್ತು. ಕನಸೂ ಬರಲಿಲ್ಲ, ಅದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಸಂಕಟ.

ಇಂಥದ್ದೇ ಒಂದು ಶನಿವಾರ ಹುಲಿಯಮ್ಮ ಈರುಳ್ಳಿ ಮೂಟೆಯ ಜೊತೆ ಬಂದಳು.

"ಯಾಕೇ, ನಾಳೆ ನಿಮ್ಮ ಊಟ ಅಲ್ವಾ? ಕಲ್ಲು ತೊಳೆದೇ ಇಲ್ಲ?"

ಜವರಮ್ಮ ಮೊದಲು ಏನೇನೋ ಹೇಳಿದಳು. ಅಕ್ಕನ ಮುಂದೆ ಸುಳ್ಳು ಎಷ್ಟು ಹೊತ್ತು ನಿಂತೀತು? ಕೊನೆಗೆ ಎಲ್ಲಾ ಹೇಳಿ ಅತ್ತಳು. ಹುಲಿಯಮ್ಮ ಕೇಳಿಸಿಕೊಂಡು ಎಲೆ ಅಡಿಕೆ ಹಾಕಿಕೊಂಡಳು. ಬೆಳಿಗ್ಗೆ ಎದ್ದು, ಮುಖ ತೊಳೆದು, ತಂಗಿಯ ಹಿಂದೆಯೇ ಚರ್ಚಿಗೆ ಹೊರಟಳು. ಬೇಡ ಅನ್ನುವ ಧೈರ್ಯ ಜವರಮ್ಮನಿಗೆ ಬರಲಿಲ್ಲ.

ಹಾಡು ಮುಗಿದು, ಅಯ್ಯನವರು ಮೇಜಿನ ಮೇಲಿನ ಬಿಳಿ ಬಟ್ಟೆ ಸರಿಸುತ್ತಿದ್ದಾಗ ಹೊಸ್ತಿಲಿನಿಂದ ಒಂದು ಗಟ್ಟಿ ದನಿ ಕೇಳಿಸಿತು.

"ಇಲ್ಲಿ ಯಜಮಾನ್ರು ಯಾರು?"

ಎಲ್ಲರೂ ತಿರುಗಿದರು. ಅಯ್ಯನವರು, "ಏನಮ್ಮಾ, ಹೇಳಿ," ಎಂದರು.

"ನನ್ನ ತಂಗೀನ ಪಂಕ್ತಿಯಿಂದ ಎಬ್ಸಿದೀರಂತೆ. ನಮ್ಮ ಕೇರೀಲಿ ಕಳ್ಳ ಬಂದು ಉಣ್ಣಾಕೆ ಕೂತ್ರೂ ಎಬ್ಸಲ್ಲ ಸ್ವಾಮಿ. ಅವನು ಉಂಡು ಕೈ ತೊಳ್ಕಂಡ ಮ್ಯಾಲೆ ಏನು ಕದ್ದೆ ಅಂತ ಕೇಳ್ತೀವಿ."

ಮೇಷ್ಟ್ರು ಎದ್ದು ನಿಂತು, ಶಾಲೆಯಲ್ಲಿ ಪಾಠ ಹೇಳುವಂತೆ ಸಮಾಧಾನದಿಂದಲೇ ಹೇಳಿದರು: "ನೋಡು ತಾಯಿ, ಇದು ಗುಡಿಯ ಪ್ರಸಾದ ಅಲ್ಲ. ನಂಬಿ ದೀಕ್ಷಾಸ್ನಾನ ಆದವರು ಮಾತ್ರ ತಿನ್ನಬೇಕು. ನಿನಗೆ ಕೊಟ್ಟದ್ದು ತಪ್ಪು."

"ನಾನೆಲ್ಲಿ ತಿಂದೆ? ನಮ್ಮವ್ವನ ಎಡೆ ಇಡೋ ಗೂಡಲ್ಲಿ ಇಟ್ಟೆ. ಅವ್ವನಿಗೂ ಇರ್ಲಿ ಅಂತ. ಬೆಳಗಾಗೋ ಹೊತ್ಗೆ ಇರುವೆ ತಿಂದಿದ್ವು. ಅವಕ್ಕೆ ಏನು ಶಿಕ್ಷೆ ಕೊಡ್ತೀರ ಹೇಳಿ, ಹೋಗಿ ಹೇಳ್ತೀನಿ."

ಹೆಂಗಸರ ಚಾಪೆಯಲ್ಲಿ ಯಾರೋ ಕಿಸಕ್ಕೆಂದರು. ಹುಲಿಯಮ್ಮ ನಗಲಿಲ್ಲ.

"ನೀವೆಲ್ಲಾ ಒಂದೇ ಬಟ್ಲಲ್ಲಿ ಕುಡಿಯೋರಂತೆ. ಅದನ್ನ ನೋಡೇ ಇವಳು ನಮ್ಮವ್ವನ ಅನ್ನ ಬಿಟ್ಟು ಬಂದ್ಲು. ಹಂಗಾದ್ರೆ ಮೇಷ್ಟ್ರೆ, ಇವಳ ಮನೇಲಿ ನೀವು ಒಂದು ಲೋಟ ನೀರು ಕುಡ್ದಿದೀರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. (ಮುಂದೆ ಆ ವರ್ಷದ ಕ್ರಿಸ್ಮಸ್ಸಿಗೆ ಅವರು ಜವರಮ್ಮನ ಮನೆಗೆ ಹೋಗಿ ಕಾಫಿ ಕುಡಿದದ್ದು ನಿಜ, ಲೋಟ ಸುಡುತ್ತದೆಂದು ಟವೆಲಿನಲ್ಲಿ ಹಿಡಿದುಕೊಂಡದ್ದೂ ನಿಜ. ಆದರೂ ಕುಡಿದರು.) ಅಯ್ಯನವರ ಮುಖವೂ ಕೆಂಪಾಗಿತ್ತು. ಕಡೂರಿನಿಂದ ಬಂದಾಗಲೆಲ್ಲಾ ಅವರ ಮಧ್ಯಾಹ್ನದ ಊಟ ಮೇಷ್ಟ್ರ ಮನೆಯಲ್ಲೇ. ಅವರು ಮೆಲ್ಲಗೆ, ಎದುರುಮಾತಿನ ಹಾಗಲ್ಲ, ತಿಳಿದುಕೊಳ್ಳುವವರ ಹಾಗೆ ಕೇಳಿದರು.

"ನೀವು ಉಂಡಿದ್ದೀರಾ ಅಮ್ಮ, ಇವರ ಮನೇಲಿ?"

ಹುಲಿಯಮ್ಮ ತಂಗಿಯ ಕಡೆ ನೋಡಿದಳು, ಸೆರಗು ಎಳೆದು ಹೊದ್ದುಕೊಂಡಳು, ತಿರುಗಿ ಮೆಟ್ಟಿಲಿಳಿದು ಹೊರಟೇಬಿಟ್ಟಳು.

ಅಯ್ಯನವರು ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು. "ಈ ಮೇಜು ನನ್ನದಲ್ಲ, ಕಮಿಟಿಯದೂ ಅಲ್ಲ," ಎಂದರು. "ಕರೆದವನದು. ಆ ಕಡೆಯ ರಾತ್ರಿ, ಶಿಷ್ಯರಲ್ಲೇ ತನ್ನನ್ನು ಶತ್ರುಗಳಿಗೆ ಹಿಡಿದುಕೊಡುವವನು ಯಾರು ಅಂತ ಯೇಸುಸ್ವಾಮಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಕೈಗೆ ತುತ್ತು ಕೊಟ್ಟ. ಜವರಮ್ಮ, ಅವತ್ತು ನಿಮ್ಮನ್ನು ಎಬ್ಬಿಸಬಾರದಿತ್ತು. ನನ್ನ ತಪ್ಪು. ಬನ್ನಿ."

ಎಷ್ಟು ತಿಂಗಳಿಂದ ಕಾದಿದ್ದಳೋ ಆ ಮಾತಿಗೆ. ಜವರಮ್ಮ ಎದ್ದಳು. ಮುಂದೆ ಮೇಜು, ಬಿಳಿ ಬಟ್ಟೆ, ಬಟ್ಟಲು. ಹಿಂದೆ ತೆರೆದ ಬಾಗಿಲು, ಬಿಸಿಲಿನಲ್ಲಿ ಚಿಕ್ಕದಾಗುತ್ತಾ ಹೋಗುವ ಅಕ್ಕನ ಬೆನ್ನು. ಅವಳಿಗೆ ಎರಡೂ ಬಲು ದೂರ ಕಂಡವು, ನೀರಿನ ಅಡಿಯಿಂದ ನೋಡಿದಂತೆ.

"ಅಯ್ನೋರೆ, ಒಂಚೂರು ತಾಳಿ. ಬತ್ತೀನಿ," ಎಂದಳು. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಮೇಷ್ಟ್ರು ಗಡಿಯಾರ ನೋಡಿದರು. ಅಯ್ಯನವರು ರೊಟ್ಟಿಯ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, "ಕಾಯೋಣ," ಎಂದು ನೆಲದ ಮೇಲೆ ಎಲ್ಲರ ಜೊತೆ ಕೂತರು.

ಜವರಮ್ಮ ಏದುಸಿರು ಬಿಡುತ್ತಾ ಮನೆ ಮುಟ್ಟಿದಾಗ ಹುಲಿಯಮ್ಮ ಜಗುಲಿಯ ಮೇಲೆ ಇರಲಿಲ್ಲ. ಹೊಸ್ತಿಲಿನ ಒಳಗೆ, ಒಲೆಯ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ತಂಗಿಯ ಮುಖ ನೋಡದೆ ಹೇಳಿದಳು.

"ಹಿಟ್ಟು ಐತಾ?"

ಬೆಳಿಗ್ಗೆ ತೊಳಸಿ ಮುಚ್ಚಿಟ್ಟ ಮುದ್ದೆ ಇತ್ತು, ಹುರುಳಿ ಸಾರಿತ್ತು. ಜವರಮ್ಮ ಅವಸರದಲ್ಲಿ ಬಡಿಸಿದಳು. ಸಾರು ತಟ್ಟೆಯಿಂದಾಚೆ ಚೆಲ್ಲಿತು. ಹುಲಿಯಮ್ಮ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಪಕ್ಕದಲ್ಲಿದ್ದ ಚೆಂಬು ಎತ್ತಿ ನೀರು ಕುಡಿದಳು. ಆ ಮನೆಯ ಚೆಂಬು, ಆ ಮನೆಯ ನೀರು.

"ಸಾರಿಗೆ ಉಪ್ಪು ಕಮ್ಮಿ ಆಗೈತೆ ಕಣೇ," ಎಂದಳು.

ಜವರಮ್ಮ ಉಪ್ಪಿನ ಮಡಕೆಗೆ ಕೈ ಹಾಕಿ ಅಲ್ಲೇ ನಿಂತುಬಿಟ್ಟಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಅಳೋಕೆ ಆಮೇಲೆ ಹೊತ್ತೈತೆ. ನೀನೂ ಕೂತ್ಕ, ಉಣ್ಣು."

ಕೂತಳು. ಒಂದೇ ತಟ್ಟೆಯಿಂದ ಇಬ್ಬರೂ ಉಣ್ಣತೊಡಗಿದರು. ಆಗ ಚರ್ಚಿನ ಗಂಟೆ ಹೊಡೆಯಿತು. ಆ ಹೊತ್ತಿನಲ್ಲಿ ಯಾವತ್ತೂ ಹೊಡೆಯದ ಗಂಟೆ; ಅವಳಿಗಾಗಿಯೇ ಯಾರೋ ಹಗ್ಗ ಹಿಡಿದು ಮೆಲ್ಲಗೆ ಬಾರಿಸುತ್ತಿದ್ದರು.

"ಹೋಗೇ ಜವರಿ, ನಿಂಗೋಸ್ಕರ ಪಂಕ್ತಿ ನಿಲ್ಸವ್ರೆ," ಎಂದಳು ಹುಲಿಯಮ್ಮ.

"ಹೋಗ್ತೀನಕ್ಕ. ನೀನು ಹೊಟ್ಟೆ ತುಂಬ ಉಣ್ಣು ಮೊದ್ಲು," ಎಂದಳು ಜವರಮ್ಮ. ಅಕ್ಕನ ಕಡೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.